ಹೆಣ್ಣುಮಕ್ಕಳ ಲೂಪಸ್ ಮತ್ತು ಮುಚ್ಚಿಟ್ಟ ಗುಳಿಗೆ

ಇಪ್ಪತ್ತು-ಮೂವತ್ತರ ಹೆಣ್ಣುಮಕ್ಕಳು ಸುಸ್ತು ಅಂದರೆ ನಮ್ಮ ಕಡೆ ಉತ್ತರ ರೆಡಿ ಇರುತ್ತದೆ. ರಕ್ತ ಕಡಿಮೆ. ಕೀಲು ನೋವು ಅಂದರೆ ವಾಯು. ಕೂದಲು ಉದುರಿದರೆ ನೀರು ಸರಿಯಿಲ್ಲ. ಕೆನ್ನೆ ಮೇಲೆ ಕಲೆ ಎದ್ದರೆ ಬಂಗು. ಎಷ್ಟೋ ಸಲ ಈ ಉತ್ತರಗಳು ಸರಿಯೇ ಇರುತ್ತವೆ. ಆದರೆ ಈ ನಾಲ್ಕೂ ಒಬ್ಬಳಿಗೇ ಬಂದಾಗಲೂ ನಾವು ನಾಲ್ಕು ಬೇರೆ ಬೇರೆ ಔಷಧಿ ತರುತ್ತೇವೆ. ಇದೆಲ್ಲ ಒಂದೇ ಕಾಯಿಲೆ ಇರಬಹುದಾ ಅಂತ ಕೇಳುವುದಿಲ್ಲ. ಅಂಥ ಒಂದು ಕಾಯಿಲೆ ಲೂಪಸ್.

ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿ ಮೈಮೇಲೆ ಬೀಳುವ ಕಾಯಿಲೆ ಇದು. ಕೀಲು, ಚರ್ಮ, ರಕ್ತ, ಕಿಡ್ನಿ, ಮಿದುಳು, ಯಾವುದಕ್ಕಾದರೂ ತಗುಲಬಹುದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಹೆಚ್ಚಿನವರಿಗೆ ಶುರುವಾಗುವುದು 15ರಿಂದ 45ರೊಳಗೆ. ಓದು, ಮದುವೆ, ಬಾಣಂತನ ಎಲ್ಲ ನಡೆಯುವುದೂ ಅದೇ ವಯಸ್ಸಿನಲ್ಲಿ ಅಲ್ವಾ?

ಎಷ್ಟು ಜನರಿಗಿದೆ ಅಂತ ನೋಡಲು ಹೋದರೆ ಲೆಕ್ಕಗಳ ನಡುವೆ ಅಜಗಜಾಂತರ. ದೆಹಲಿ ಹತ್ತಿರದ ಹಳ್ಳಿಗಳಲ್ಲಿ ಮಾಡಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ 3 ಜನ. ಅಮೆರಿಕದ 2021ರ ಲೆಕ್ಕದಲ್ಲಿ ಲಕ್ಷ ಹೆಂಗಸರಿಗೆ ಸುಮಾರು 129. ಹುಬ್ಬಳ್ಳಿ-ಧಾರವಾಡದಲ್ಲಿ 2011ರ ಜನಗಣತಿ ಪ್ರಕಾರ 9.4 ಲಕ್ಷ ಜನ. ಮೊದಲ ಲೆಕ್ಕ ಹಿಡಿದರೆ ಇಡೀ ಊರಿಗೆ ಸುಮಾರು 30 ರೋಗಿಗಳು. ಎರಡನೆಯದನ್ನು ಹಿಡಿದರೆ ಹೆಂಗಸರೇ ಸುಮಾರು 600. ಜನಾಂಗ, ಹವಾಮಾನದಿಂದ ಸ್ವಲ್ಪ ಫರಕು ಇರಬಹುದು, ಒಪ್ಪುತ್ತೇನೆ. ಆದರೆ ಇಷ್ಟು ದೊಡ್ಡ ಫರಕಿನಲ್ಲಿ ಪರೀಕ್ಷೆಯನ್ನೇ ಮಾಡಿಸದವರೂ ಸಾಕಷ್ಟು ಮಂದಿ ಇದ್ದಾರೆ ಅಂತಲೇ ನನ್ನ ನಂಬಿಕೆ.

ಬಿಸಿಲಿನ ವಿಷಯ ಜಾಸ್ತಿ ಹೇಳಬೇಕು. ಲೂಪಸ್ ಇರುವವರಲ್ಲಿ ಬಹಳ ಮಂದಿಗೆ ಬಿಸಿಲು ಆಗುವುದಿಲ್ಲ. ಬಿಸಿಲಿಗೆ ಹೋಗಿ ಬಂದಮೇಲೆ ಮುಖ ಕೆಂಪಾಗುತ್ತದೆ, ಕೆಲವರಿಗೆ ಜ್ವರ, ಕೀಲು ನೋವು ಕೂಡ ಕೆರಳುತ್ತದೆ. ಹಾವೇರಿ ಕಡೆ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವರು, ಗದಗ ಕಡೆ ಹೆಸರುಕಾಯಿ ಬಿಡಿಸುವವರು ಹೆಚ್ಚಾಗಿ ಹೆಂಗಸರೇ. ದಿನವಿಡೀ ಬಿಸಿಲಲ್ಲಿ ನಿಂತವಳ ಮುಖ ಕೆಂಪಾದರೆ ಯಾರಿಗೆ ಸಂಶಯ ಬರುತ್ತದೆ? ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದು ಹಚ್ಚುತ್ತಾರೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ. ಒಳಗಿನ ಕಾಯಿಲೆ ಹಾಗೇ ಇರುತ್ತದೆ.

ಕಿಡ್ನಿಗೆ ತಗುಲಿದ್ದು ಮೊದಮೊದಲು ನೋವೇ ಕೊಡುವುದಿಲ್ಲ. ಮೂತ್ರದಲ್ಲಿ ನೊರೆ, ಬೆಳಿಗ್ಗೆ ಎದ್ದಾಗ ಕಣ್ಣ ಕೆಳಗೆ ಬಾವು, ಕಾಲು ಬಾವು, ಬಿಪಿ ಏರುವುದು, ಇವೇ ಅದರ ಸುಳಿವು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ನೋಡುವ ಪರೀಕ್ಷೆಗೆ ಬಹಳ ದುಡ್ಡು ಬೇಕಿಲ್ಲ. ಎಎನ್‌ಎ ಅನ್ನುವ ರಕ್ತಪರೀಕ್ಷೆ ಪಾಸಿಟಿವ್ ಬಂದ ಕೂಡಲೇ ಲೂಪಸ್ ಅಂತ ಹೆದರಬೇಡಿ, ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುವುದುಂಟು. ಲಕ್ಷಣ, ಮೂತ್ರ, ರಕ್ತ ಎಲ್ಲ ಸೇರಿಸಿ ನೋಡಿ ರುಮಟಾಲಜಿಸ್ಟ್, ಅಂದರೆ ಇಂಥ ಕಾಯಿಲೆಗಳ ತಜ್ಞ ವೈದ್ಯರು, ಹೇಳಬೇಕು.

ಈಗ ನನಗೆ ತುಂಬಾ ಸಂಕಟ ಕೊಡುವ ವಿಷಯಕ್ಕೆ ಬರುತ್ತೇನೆ. ನಮ್ಮ ಬಳಗದ ಒಬ್ಬಳಿಗೆ ಮದುವೆಗೆ ಮುಂಚೆಯೇ ಲೂಪಸ್ ಗೊತ್ತಾಗಿತ್ತು. ಗುಳಿಗೆಯಿಂದ ಚೆನ್ನಾಗಿಯೂ ಇದ್ದಳು. ಮಾತುಕತೆ ನಡೆಯುವಾಗ ಮನೆಯ ಹಿರಿಯರು "ಸುಮ್ನ ಇರು, ಮದಿವಿ ಆದಮ್ಯಾಲ ಎಲ್ಲಾ ಸರಿ ಹೋಗತೈತಿ" ಅಂದರು. ಗಂಡನ ಮನೆಯಲ್ಲಿ ಗುಳಿಗೆ ನುಂಗಿದರೆ ಯಾಕೆ ಅಂತ ಕೇಳುತ್ತಾರಲ್ಲ, ಅದಕ್ಕೆ ಬಿಟ್ಟಳು. ಬಸುರಾದಳು. ಬಿಪಿ ಏರಿತು, ಕಿಡ್ನಿ ಕೆಟ್ಟಿತು, ಏಳನೇ ತಿಂಗಳಲ್ಲಿ ಮಗು ಹೋಯಿತು. ಆಮೇಲೆ ಎಲ್ಲರೂ ಅವಳ ಕಾಲ್ಗುಣದ ಮಾತಾಡಿದರು. ಮುಚ್ಚಿಟ್ಟವರ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಇದು ನನಗೆ ಇವತ್ತಿಗೂ ನುಂಗಲಾಗದ ಅನ್ಯಾಯ.

ಲೂಪಸ್ ಇದ್ದವರಿಗೆ ಮಕ್ಕಳೇ ಆಗುವುದಿಲ್ಲ ಅನ್ನುವುದು ಸುಳ್ಳು. ಕಾಯಿಲೆ ಕನಿಷ್ಠ 6 ತಿಂಗಳು ತಣ್ಣಗಿದ್ದು, ವೈದ್ಯರ ಜೊತೆ ಮೊದಲೇ ಮಾತಾಡಿಕೊಂಡು ಬಸುರಾದರೆ ಹೆಚ್ಚಿನವರಿಗೆ ಹೆರಿಗೆ ಚೆನ್ನಾಗಿಯೇ ಆಗುತ್ತದೆ. ಮೈಕೋಫೆನೊಲೇಟ್, ಮೆಥೋಟ್ರೆಕ್ಸೇಟ್‌ನಂಥ ಔಷಧಿಗಳು ಮಗುವಿಗೆ ಅಪಾಯ. ಅವನ್ನು ವೈದ್ಯರು ಮೊದಲೇ ಬದಲಿಸಬೇಕು. ಲೂಪಸ್‌ಗೆ ಸಾಮಾನ್ಯವಾಗಿ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ ಹಾಗಲ್ಲ. ಬಸುರಿನಲ್ಲೂ ಅದನ್ನು ಮುಂದುವರಿಸಿ ಅಂತಲೇ ತಜ್ಞರ ಸಲಹೆ, ಬಿಟ್ಟರೆ ಕಾಯಿಲೆ ಕೆರಳುವ ಭಯ ಜಾಸ್ತಿ. ಆಂಟಿಫಾಸ್ಫೋಲಿಪಿಡ್ ಮತ್ತು ಆಂಟಿ-ರೋ ಅನ್ನುವ ರಕ್ತಪರೀಕ್ಷೆಗಳನ್ನೂ ಮೊದಲೇ ಮಾಡಿಸುತ್ತಾರೆ. ಮೊದಲನೆಯದು ಪಾಸಿಟಿವ್ ಬಂದರೆ ಪದೇ ಪದೇ ಗರ್ಭಪಾತ ಆಗುವ ಅಪಾಯ ಇರುತ್ತದೆ. ಎರಡನೆಯದು ಪಾಸಿಟಿವ್ ಬಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯ ಬಡಿತದ ಮೇಲೆ ಕಣ್ಣಿಡಬೇಕು.

ಹೆಣ್ಣು ನೋಡಲು ಬಂದವರಿಗೆ ಕಾಯಿಲೆಯ ಹೆಸರು, ಗುಳಿಗೆಯ ಹೆಸರು ಎರಡನ್ನೂ ಹೇಳಿಬಿಡಿ. ಹುಡುಗಿಯ ಒಪ್ಪಿಗೆ ಕೇಳಿಯೇ ಹೇಳಿ. ಕೇಳಿ ಎದ್ದು ಹೋಗುವವರು ಹೋಗಲಿ. ಒಪ್ಪಿ ಬಂದವನನ್ನು ಮದುವೆಗೆ ಮುಂಚೆ ಒಂದು ಸಲ ಅವಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವನಿಗೂ ನೂರು ಪ್ರಶ್ನೆ ಇರುತ್ತವೆ, ಅಲ್ಲೇ ಕೇಳಿಕೊಳ್ಳಲಿ.