ದೀವ್‌ನಲ್ಲಿ ಕುಡಿಯದವನು

ದೀವ್‌ಗೆ ಹೊರಟಿದ್ದೇನೆ ಎಂದೊಡನೆ ಸೋಮನಾಥದ ಲಾಡ್ಜಿನವನು ಕಣ್ಣು ಮಿಟುಕಿಸಿದ. ಗುಜರಾತಿನಲ್ಲಿ ಪಾನನಿಷೇಧ, ಅದರ ಮಗ್ಗುಲಿಗೇ ಇರುವ ಈ ಪುಟ್ಟ ದ್ವೀಪದಲ್ಲಿ ಇಲ್ಲ. "ಕೋಟೆ ನೋಡಲು" ಎಂದೆ. "ಹೌದು ಹೌದು, ಕೋಟೆ" ಎಂದು ಪಕ್ಕದಲ್ಲಿದ್ದ ನನ್ನ ಹೆಂಡತಿಯ ಕಡೆ ಕನಿಕರದಿಂದ ನೋಡಿದ.

ನಾಗೋವಾ ಕಡಲತೀರದ ದಾರಿಯಲ್ಲಿ ಮೊದಲ ಎಡವಟ್ಟು. ತಾಳೆಯಂಥ ಮರ, ಬುಡ ಒಂದೇ, ತಲೆ ಎರಡು! "ಮರ ಎರಡೆರಡಾಗಿ ಕಾಣುತ್ತಿದೆ" ಎಂದು ಉದ್ಗರಿಸಿದೆ. ಆಟೋದವನು ಗಾಡಿಯನ್ನೇ ನಿಧಾನ ಮಾಡಿದ. ಅದು ಹೋಕಾ ಮರ, ಕವಲೊಡೆಯುವುದೇ ಅದರ ಜಾಯಮಾನ ಎಂದು ತಿಳಿದದ್ದು ಆಮೇಲೆ.

ಗಂಗೇಶ್ವರದಲ್ಲಿ ಬಂಡೆಯ ಸಂದಿನಲ್ಲಿರುವ ಐದು ಲಿಂಗಗಳಿಗೆ ಕಡಲೇ ಅಭಿಷೇಕ ಮಾಡುತ್ತದೆ. ಪಾಂಡವರು ಪ್ರತಿಷ್ಠಾಪಿಸಿದ್ದೆಂದು ನಂಬಿಕೆ. ನಾನು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾಗ ಅಲೆಯೊಂದು ಬಂದು ನನ್ನ ಹೊಸ ಚಪ್ಪಲಿಯಲ್ಲಿ ಒಂದನ್ನು ಮಾತ್ರ ಒಯ್ದಿತು.

"ಇನ್ನೊಂದನ್ನೂ ಕೊಟ್ಟುಬಿಡಿ, ಅಲ್ಲಿ ಯಾರಿಗಾದರೂ ಜೋಡಿಯಾದರೂ ಆಗಲಿ" ಎಂದಳು ಹೆಂಡತಿ.

ಪೇಟೆಗೆ ಬಂದರೆ ಮಧ್ಯಾಹ್ನ. ಎಲ್ಲ ಬಾಗಿಲೂ ಮುಚ್ಚಿವೆ. ಪೋರ್ಚುಗೀಸರು 1961ರ ಡಿಸೆಂಬರ್‌ನಲ್ಲಿ ಹೋದರೂ ಮಧ್ಯಾಹ್ನದ ನಿದ್ದೆಯನ್ನು ಇಲ್ಲೇ ಬಿಟ್ಟುಹೋಗಿದ್ದಾರೆ. ಹಾಗಾಗಿ 1535ರಲ್ಲಿ ಅವರು ಕಟ್ಟಲು ತೊಡಗಿದ ಆ ಭವ್ಯ ಕೋಟೆಯನ್ನು ನಾನು ನೋಡಿದ್ದು ಬರಿಗಾಲಲ್ಲಿ, ಕಾದ ಕಲ್ಲಿನ ಮೇಲೆ ಕುಣಿಯುತ್ತ. ಸಾಲು ಫಿರಂಗಿಗಳು, ಗೋಡೆಗೆ ಅಪ್ಪಳಿಸುವ ನೀಲಿ ನೀರು, ಅದರ ನಡುವೆ ಹಡಗಿನಂತೆ ನಿಂತ ಪಾಣಿಕೋಠಾ ಎಂಬ ಪುಟ್ಟ ನೀರುಕೋಟೆ. ಎಲ್ಲವೂ ಚೆಂದವೇ. ಆದರೆ ನನ್ನ ಕಣ್ಣೆಲ್ಲ ಮುಂದಿನ ನೆರಳು ಎಷ್ಟು ಹೆಜ್ಜೆ ದೂರವಿದೆ ಎಂಬುದರ ಮೇಲೆ. ಫಿರಂಗಿಯ ನೆರಳು ಇಷ್ಟು ಸಣ್ಣದೆಂದು ಅಂದೇ ಗೊತ್ತಾದದ್ದು.

ಪೇಟೆ ಏಳುವ ಮೊದಲೇ ನಮ್ಮ ಬಸ್ ಹೊರಟಿತು. ಗಡಿಯಲ್ಲಿ ತಪಾಸಣೆ. ಪೊಲೀಸಿನವನು ನನ್ನ ಚೀಲದಿಂದ ಸೀಸೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಹೊಂಬಣ್ಣದ ದ್ರವ. ನನ್ನ ಶೀತಕ್ಕೆಂದು ಹೆಂಡತಿ ಕಾಯಿಸಿದ್ದ ಕಾಳುಮೆಣಸಿನ ಕಷಾಯ ಅದು. ಮುಚ್ಚಳ ತೆಗೆದು ಬಲವಾಗಿ ಮೂಸಿದ. ಮೂರು ಸಲ ಸೀನಿದ. ಪ್ರಕರಣ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮೂಗು ಒರೆಸಿಕೊಳ್ಳುತ್ತಿದ್ದವನ ದೃಷ್ಟಿ ಬಿಸಿಲಿಗೆ ಕೆಂಪಾದ ನನ್ನ ಕಣ್ಣಿಗೆ, ಅಲ್ಲಿಂದ ನನ್ನ ಬರಿಗಾಲಿಗೆ ಇಳಿಯಿತು.

"ಚಪ್ಪಲಿ ಎಲ್ಲಿ?"

ಹೆಂಡತಿ ತನ್ನ ಹರಕು ಹಿಂದಿಯಲ್ಲಿ ನನ್ನ ಸಹಾಯಕ್ಕೆ ಬಂದಳು: "ಒಂದನ್ನು ಸಮುದ್ರ ತೆಗೆದುಕೊಂಡಿತು. ಇನ್ನೊಂದನ್ನು ಇವರೇ ಕೊಟ್ಟರು."

ಅವನು ತನ್ನ ಮೇಲಧಿಕಾರಿಯನ್ನು ಕೂಗಿದ.