ಮಾವನ ವಿಡಿಯೋ, ನನ್ನ ಪೊರೆ

ನಿನ್ನೆ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಸೋದರಮಾವ ಹೋಳಿಗೆ ಬಿಟ್ಟು ಮೊಬೈಲ್ ಹಿಡಿದರು. 'ನೋಡೋ, ನೀರು ಹಾಕಿದ್ರೆ ಓಡೋ ಕಾರು! ನೀನು ಆರು ವರ್ಷ ಲ್ಯಾಬಲ್ಲಿ ಕೂತು ಮಾಡಿದ್ದೇನು?' ಎದುರು ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಉರಿದುಹೋಯಿತು.

ನೀರು ಅಂದರೆ ಹೈಡ್ರೋಜನ್ ಉರಿದ ಮೇಲೆ ಉಳಿಯುವ ಬೂದಿ. ಒಲೆಯ ಬೂದಿಗೆ ಬೆಂಕಿ ಹಚ್ಚಿ ಅನ್ನ ಮಾಡಿ ನೋಡೋಣ. ಬೂದಿಯನ್ನು ತಿರುಗಿ ಸೌದೆ ಮಾಡಬಹುದು, ಆದರೆ ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 50 ಯೂನಿಟ್ ಕರೆಂಟು ಸುರಿಯಬೇಕು.

ಹೋಗಲಿ, ಮಾವನಿಗೆ ಗೊತ್ತಿಲ್ಲ. ನನ್ನ ಸಿಟ್ಟು ಗೊತ್ತಿರುವವರ ಮೇಲೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ (ಬಿಸಿಲು, ಗಾಳಿಯ ಕರೆಂಟಿನಿಂದ ನೀರು ಒಡೆದು ಪಡೆಯುವಂಥದ್ದು) ಮಿಷನ್‌ಗೆ ಒಪ್ಪಿಗೆ ಕೊಟ್ಟಾಗಿನಿಂದ ಎಲ್ಲರ ಬಾಯಲ್ಲೂ ಹೈಡ್ರೋಜನ್. ಹೈಡ್ರೋಜನ್‌ನಿಂದ ಕರೆಂಟು ಮಾಡುವ ಫ್ಯೂಯಲ್ ಸೆಲ್‌ನ ಹೊಟ್ಟೆಯೊಳಗೆ ಕೂರುವ ತೆಳು ಹಾಳೆ, ಅಂದರೆ ಪೊರೆಯ (ಮೆಂಬ್ರೇನ್) ಸುದ್ದಿ ಮಾತ್ರ ಯಾರೂ ಎತ್ತಲ್ಲ. ಎತ್ತಿದರೂ 'ಫಿಲ್ಟರ್ ಥರದ ಪ್ಲಾಸ್ಟಿಕ್' ಅಂತಾರೆ.

ಟೀ ಸೋಸುವ ಜಾಲರಿ ಅಲ್ಲ ಸ್ವಾಮಿ ಅದು! ನೇಫಿಯಾನ್ ಅಂತ ಹೆಸರು. ನಿಮ್ಮ ದೋಸೆ ತವಾದ ಟೆಫ್ಲಾನ್‌ಗೆ ದಾಯಾದಿ. ಟೆಫ್ಲಾನ್ ಸರಪಳಿಗೆ ನೀರು ಕಂಡರಾಗದು. ಅದಕ್ಕೆ ನೇತುಬಿದ್ದ ಸಲ್ಫೋನಿಕ್ ಆಮ್ಲಕ್ಕೆ ನೀರೇ ಬೇಕು. ಈ ಜಗಳದ ನಡುವೆ ನೀರಿನ ಸಣ್ಣ ಸಣ್ಣ ಓಣಿಗಳಾಗುತ್ತವೆ. ಹೈಡ್ರೋಜನ್ ಪ್ರೋಟಾನ್, ಎಲೆಕ್ಟ್ರಾನ್ ಆಗಿ ಒಡೆಯುತ್ತದೆ. ಪ್ರೋಟಾನ್ ಆ ಓಣಿಯಲ್ಲಿ ದಾಟುತ್ತದೆ. ಎಲೆಕ್ಟ್ರಾನ್‌ಗೆ ಒಳಗೆ ಬಿಡಲ್ಲ, ಹೊರಗಿನ ವೈರಲ್ಲಿ ಸುತ್ತಿ ಬರಬೇಕು. ಆ ಸುತ್ತಾಟವೇ ಕರೆಂಟು. ಆಚೆ ಹೈಡ್ರೋಜನ್, ಈಚೆ ಆಕ್ಸಿಜನ್, ನಡುವೆ ತಲೆಕೂದಲಿನಷ್ಟು ತೆಳು ಹಾಳೆ. ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ ಅನ್ನುತ್ತೆ. (ಹೌದು, ನನ್ನವಳು ಇದಕ್ಕೇ ನಗುವುದು.)

1965ರಲ್ಲಿ ಅಮೆರಿಕದ ಜೆಮಿನಿ 5 ಗಗನನೌಕೆಯಲ್ಲಿ ಇಂಥ ಫ್ಯೂಯಲ್ ಸೆಲ್ ಹಾರಿತು. ಆಗ ಪೊರೆ ಪಾಲಿಸ್ಟೈರೀನ್‌ನದ್ದು. ಅದು ಸವೆದು ಸೆಲ್‌ನಲ್ಲಿ ಹುಟ್ಟುವ ನೀರಿಗೆ ಸೇರುತ್ತಿತ್ತು, ಕುಡಿಯಲು ಬಾರದು. ನೇಫಿಯಾನ್ ಹುಟ್ಟಿದ್ದು ಆ ದಶಕದ ಕೊನೆಗೆ, ಡುಪಾಂಟ್ ಕಂಪನಿಯಲ್ಲಿ.

'ಗ್ಯಾಸ್ ಹಚ್ಚುವಾಗ ರೆಗ್ಯುಲೇಟರ್ ಹೇಗೆ ನಡೆಯುತ್ತೆ ಅಂತ ಕೇಳ್ತೀವಾ?' ಅಂತ ಗೆಳೆಯನೊಬ್ಬ ವಾದ ಮಾಡಿದ. ಸರಿಯಪ್ಪ. ಆದರೆ ರೆಗ್ಯುಲೇಟರ್‌ನಿಂದ ಗ್ಯಾಸಿನ ರೇಟು ಏರಲ್ಲವಲ್ಲ? ಇಲ್ಲಿ ಪೊರೆಯದು ಆಮ್ಲದ ಸ್ವಭಾವ, ಕ್ರಿಯೆ ಚುರುಕು ಮಾಡಲು ಅಗ್ಗದ ನಿಕ್ಕಲ್ ಹಾಕಿದರೆ ಅದು ಆಮ್ಲದಲ್ಲಿ ಬಾಳಲ್ಲ. ಫ್ಯೂಯಲ್ ಸೆಲ್‌ಗೆ ಪ್ಲಾಟಿನಂ ಬೇಕು, ನೀರು ಒಡೆಯುವ ಯಂತ್ರಕ್ಕೆ ಇರಿಡಿಯಂ ಕೂಡ. ಆ ಇರಿಡಿಯಂ ಇಡೀ ಜಗತ್ತಲ್ಲಿ ವರ್ಷಕ್ಕೆ ಹತ್ತು ಟನ್ ಕೂಡ ಗಣಿಯಿಂದ ಬರಲ್ಲ. ಕ್ಷಾರದ ಪೊರೆಯಾದರೆ ನಿಕ್ಕಲ್ ನಡೆಯುತ್ತೆ, ಆದರೆ ಪೊರೆಯೇ ಬೇಗ ಹಾಳಾಗುತ್ತೆ. ಎಲ್ಲ ಸುತ್ತಿ ಬಂದು ನಿಲ್ಲುವುದು ಆ ಹಾಳೆಯ ಮುಂದೆಯೇ. ಮತ್ತೆ ಅದರ ಹೆಸರೆತ್ತಬೇಡಿ ಅಂದರೆ?

ಆರು ವರ್ಷ ಏನು ಮಾಡಿದೆ ಅಂದಿರಲ್ಲ ಮಾವ, ಒಂದು ಹಾಳೆ ಒಣಗದಂತೆ ನೋಡಿಕೊಂಡೆ. ಅದನ್ನೂ ಒಮ್ಮೆ ಕೆಡಿಸಿದೆ. ಅನಿಲಕ್ಕೆ ತೇವ ಕೊಡುವ ಬಾಟಲಿಗೆ ನೀರು ತುಂಬುವುದು ಮರೆತು ರಾತ್ರಿ ಮನೆಗೆ ಹೋದೆ. ಬೆಳಿಗ್ಗೆ ವೋಲ್ಟೇಜ್ ಬಿದ್ದಿತ್ತು. ಬಿಚ್ಚಿ ನೋಡಿದರೆ ಪೊರೆ ಬಿಸಿಲಲ್ಲಿ ಮರೆತ ಹಪ್ಪಳದ ಹಾಗೆ ಸೊಟ್ಟಗಾಗಿ ಸೀಳಿತ್ತು. ಗೈಡ್ ಬೈಯಲಿಲ್ಲ. ಖಾಲಿ ಬಾಟಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ನನ್ನ ಮೇಜಿನ ಮೇಲೆ ಇಟ್ಟು ಹೋದರು.