ಕೈಬರಹದ ವೇಷ

ಕೈಬರಹದಂತೆ ಕಾಣುವ ಹೊಸ ಸ್ಕ್ರಿಪ್ಟ್ ಫಾಂಟ್ ಮಾರುವವರು ತಮ್ಮ ಸರಕಿಗೆ ಒಪ್ಪುವ ಪದಗಳನ್ನೇ ಹುಡುಕಿ ಜಾಹೀರಾತಿಗೆ ಹಾಕುತ್ತಾರೆ. ಅದರಲ್ಲಿ ಜಿ, ವೈ, ಎಫ್ ಇದ್ದೇ ಇರುತ್ತವೆ, ಬಾಲ ಬೀಸಬೇಕಲ್ಲ. ಮನಸೋತ ಡಿಸೈನರ್ ಡೌನ್‌ಲೋಡ್ ಮಾಡಿಕೊಂಡು ತನ್ನ ಗಿರಾಕಿಯ ಹೆಸರು ಟೈಪಿಸುತ್ತಾನೆ. ಅಲ್ಲಿ ಇರುವುದು ಎಮ್, ಎನ್, ಯು. ಬರೀ ಗೂಟಗಳ ಸಾಲು, ಬಾಲ ಇರುವವರು ಒಬ್ಬರೂ ಇಲ್ಲ.

ಈ ಫಾಂಟುಗಳ ಕಸುಬೇ ವಿಚಿತ್ರ. ಯಂತ್ರದ ಮನೆಯಲ್ಲಿದ್ದುಕೊಂಡು ಈಗಷ್ಟೇ ಕೈಯಿಂದ ಇಳಿದುಬಂದಂತೆ ನಟಿಸಬೇಕು. ಗುಟ್ಟು ರಟ್ಟಾಗುವುದು ಜೋಡಿ ಅಕ್ಷರದಲ್ಲಿ. ಇಂಗ್ಲಿಷಿನಲ್ಲಿ ‘ಹಲೋ’ ಬರೆದಾಗ ಎರಡು ಎಲ್ ಬರುತ್ತವೆ. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಂತರೆ ಮುಗಿಯಿತು. ಯಾವ ಮನುಷ್ಯನ ಕೈಯೂ ಹಾಗೆ ಬರೆಯದು. ಅದಕ್ಕೇ ಬಲ್ಲವರು ಒಂದೇ ಎಲ್‌ಗೆ ಎರಡು ಮೂರು ರೂಪ ಬರೆದಿಡುತ್ತಾರೆ, ಅಕ್ಕಪಕ್ಕ ಯಾರಿದ್ದಾರೆಂದು ನೋಡಿ ಓಪನ್‌ಟೈಪ್ ಎಂಬ ಫಾಂಟ್ ತಂತ್ರಜ್ಞಾನ ಅವನ್ನು ಅದಲುಬದಲು ಮಾಡುತ್ತದೆ. ಲೆಕ್ಕವಿಲ್ಲದೆ ಗೀಚಿದಂತೆ ಕಾಣಲು ಎಷ್ಟೊಂದು ಲೆಕ್ಕ! ಜರ್ಮನಿಯ ಅಕ್ಷರ ವಿನ್ಯಾಸಕ ಹರ್ಮನ್ ಜಾಫ್ ಅವರ ‘ಜಾಫಿನೊ’ ಫಾಂಟ್ (1998) ಇದರಲ್ಲಿ ಇನ್ನೂ ಕಿಲಾಡಿ. ಮ್ಯಾಕ್ ಕಂಪ್ಯೂಟರಿನಲ್ಲಿ ಅದರಲ್ಲೇ ಅದರ ಹೆಸರನ್ನು ಟೈಪಿಸಿ, ಕೊನೆಯ ಕೀ ಒತ್ತಿದೊಡನೆ ಏಳೂ ಅಕ್ಷರ ಸೇರಿ ಒಂದೇ ಚಿತ್ರವಾಗಿಬಿಡುತ್ತದೆ.

ಸೀಸದ ಅಚ್ಚುಮೊಳೆಗಳ ಕಾಲಕ್ಕೆ ಈ ಸೌಕರ್ಯವೆಲ್ಲಿತ್ತು? 1953ರಲ್ಲಿ ಫ್ರಾನ್ಸಿನ ರೋಜೆ ಎಕ್ಸ್‌ಕೊಫೋನ್ ತಮ್ಮದೇ ಕೈಬರಹದ ಜಾಡಿನಲ್ಲಿ ‘ಮಿಸ್ತ್ರಾಲ್’ ಮಾಡಿದರು. ಮೊಳೆಗಳೇನೋ ಬಿಡಿಬಿಡಿ, ಆದರೆ ಯಾವುದರ ಪಕ್ಕ ಯಾವುದು ಬಂದರೂ ಒಂದರ ಗೆರೆ ಇನ್ನೊಂದಕ್ಕೆ ಸರಿಯಾಗಿ ತಾಗಬೇಕು. ತಾಗುತ್ತದೆ! ಹಳೇ ಬೋರ್ಡುಗಳಲ್ಲಿ ಅದನ್ನು ಕಂಡು ಮೂಗು ಮುರಿಯುವವರು ಆ ಕೂಡುಗಳನ್ನೊಮ್ಮೆ ನೋಡಲಿ.

ಮೂಗು ಮುರಿಸಿಕೊಳ್ಳುವುದು ಮಾತ್ರ, ಬೋರ್ಡು ಪೋಸ್ಟರುಗಳಿಗೆ ದೊಡ್ಡದಾಗಿ ಬಳಸುವ ಇಂಥ ಡಿಸ್‌ಪ್ಲೇ ಫಾಂಟುಗಳ ಹಣೆಬರಹ. ಪುಸ್ತಕದ ಒಳಪುಟದ ಅಕ್ಷರ ನೂರು ವರ್ಷ ಕಣ್ಣಿಗೆ ಬೀಳದೆ ದುಡಿಯಬಹುದು. ಇವು ಹುಟ್ಟಿದ್ದೇ ಕಣ್ಣಿಗೆ ಬೀಳಲು. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಇಂಗ್ಲೆಂಡಿನಲ್ಲಿ ಡೊಳ್ಳುಹೊಟ್ಟೆಯ ‘ಫ್ಯಾಟ್ ಫೇಸ್’ ಅಕ್ಷರಗಳು ಬಂದದ್ದು ಗೋಡೆಯ ಮೇಲೆ ಪಕ್ಕದ ಪೋಸ್ಟರಿಗಿಂತ ಜೋರಾಗಿ ಕೂಗಲಿಕ್ಕೆ. ಎಲ್ಲರೂ ಕೂಗಿದ ಮೇಲೆ ಇನ್ನೊಂದು ಬೇಕಾಗುತ್ತದೆ. 2010ರಲ್ಲಿ ಪಾಬ್ಲೊ ಇಂಪಲ್ಲಾರಿ ‘ಲಾಬ್‌ಸ್ಟರ್’ ಎಂಬ ಸ್ಕ್ರಿಪ್ಟ್ ಫಾಂಟನ್ನು ಉಚಿತವಾಗಿ ಬಿಟ್ಟರು. ಜೋಡಿಸಲೆಂದು ಅಕ್ಷರದ ಆಕಾರ ಕೆಡಿಸದೆ, ಒಂದೊಂದಕ್ಕೂ ಬೇರೆ ಬೇರೆ ರೂಪ ಬರೆದ ಶ್ರದ್ಧೆಯ ಕೆಲಸ ಅದು. ಕೆಲವೇ ವರ್ಷಗಳಲ್ಲಿ ಎಲ್ಲಿ ನೋಡಿದರೂ ಅದೇ; ಡಿಸೈನರುಗಳು ಹೆಸರು ಕೇಳಿದರೇ ಮುಖ ಸಿಂಡರಿಸತೊಡಗಿದರು. ಪಾಪ, ಫಾಂಟ್ ಇದ್ದ ಹಾಗೇ ಇತ್ತು.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಸ್ಕ್ರಿಪ್ಟ್ ಫಾಂಟಿನಲ್ಲಿ ಇಡೀ ಹೆಸರನ್ನು ಕ್ಯಾಪಿಟಲ್‌ನಲ್ಲೇ ಹೊಡೆಯುವವರಿದ್ದಾರೆ. ಪ್ರತಿ ಅಕ್ಷರವೂ ತಾನೇ ಮೊದಲಿಗನೆಂದು ತೋಳು ಚಾಚಿ ನಿಲ್ಲುತ್ತದೆ, ಯಾರ ಕೈಗೂ ಯಾರೂ ಸಿಗುವುದಿಲ್ಲ. ಇನ್ನು ಕೆಲವು ಪುಕ್ಕಟೆ ಫಾಂಟುಗಳಲ್ಲಿ ಅಂಕಿಗಳೇ ಇರುವುದಿಲ್ಲ. ಆಮಂತ್ರಣದಲ್ಲಿ ಹೆಸರುಗಳೆಲ್ಲ ಬಳ್ಳಿಯಂತೆ ಬಳುಕುತ್ತಿರುತ್ತವೆ, ತಾರೀಕು ಮಾತ್ರ ಏರಿಯಲ್‌ನಲ್ಲಿ ನೆಟ್ಟಗೆ.